ಎಣ್ಣೆ ಡಬ್ಬದ ಹಿಂದೆ

ನಮ್ಮ ಮೇಷ್ಟ್ರು ಕೂತದ್ದನ್ನು ನಾನು ನೋಡಿಲ್ಲ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಅವರಿಗೆಂದು ಹಾಕಿದ್ದ ಕುರ್ಚಿಯ ಮೇಲೆ ಯಾವಾಗಲೂ ಅವರ ಚೀಲ ಕೂತಿರುತ್ತಿತ್ತು. ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕೊನೆಯ ಬೆಂಚಿಗೆ ತಿರುಗಾಡುತ್ತಲೇ ಸಮಾಜ ವಿಜ್ಞಾನ ಹೇಳುತ್ತಿದ್ದರು. ಖಾಲಿ ಬಸ್ಸಿನಲ್ಲೂ ಕಂಬಿ ಹಿಡಿದು ನಿಲ್ಲುತ್ತಿದ್ದರು. "ಕೂತ್ಕೊಳಿ ಸಾರ್" ಎಂದರೆ, "ಕೂತ್ರೆ ಒಪ್ಕೊಂಡ್‌ಬಿಡ್ತೀನಿ ಕಣಮ್ಮ" ಎನ್ನುತ್ತಿದ್ದರು. ಏನನ್ನು ಸಾರ್ ಎಂದು ಕೇಳಿದರೆ, "ಏನನ್ನಾದ್ರೂ."

ಅಂಥವರು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ, ಕಲ್ಲುಬೆಂಚಿನ ಮೇಲೆ ಕೂತೇ ತೀರಿಕೊಂಡರಂತೆ. ಸುದ್ದಿ ಬಂದಾಗ ತೀರಿಕೊಂಡದ್ದನ್ನು ತಕ್ಷಣ ನಂಬಿದೆ. ಕೂತಿದ್ದರು ಅನ್ನುವುದನ್ನು ಇನ್ನೂ ನಂಬಿಲ್ಲ.

ದೇವರಂಥ ಮನುಷ್ಯ ಎಂದು ಬರೆಯುವ ಉದ್ದೇಶ ನನಗಿಲ್ಲ. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ದೇವರ ಪರವಾಗಿ ವಾದ ಮಾಡಿ ನಾನು ಗೆದ್ದಿದ್ದೇನೆ, ವಿರುದ್ಧವಾಗಿಯೂ ಗೆದ್ದಿದ್ದೇನೆ. ಎರಡಕ್ಕೂ ಅಂಕ ಕೊಟ್ಟವರು ಇವರೇ. ನಮಗೆ ಚರ್ಚಾಸ್ಪರ್ಧೆಯ ತರಬೇತಿ ಕೊಡುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ, ಖಾಲಿ ತರಗತಿಯಲ್ಲಿ. ಅಲ್ಲಿ ಒಂದು ಕಟ್ಟಳೆ ಇತ್ತು. ಒಂದು ಕಡೆ ವಾದಿಸಿ ಮುಗಿಸಿದ ಕೂಡಲೇ ಅವರು "ಸರಿ, ತಿರುಗು" ಎನ್ನುತ್ತಿದ್ದರು. ಅಂದರೆ ಇಷ್ಟು ಹೊತ್ತು ಹೊಡೆದು ಹಾಕಿದ್ದರ ಪರವಾಗಿ ಈಗ ಮಾತಾಡಬೇಕು. ಅದೂ ಅಷ್ಟೇ ಜೋರಾಗಿ. ತಿರುಗಿ ಮಾತಾಡಿ ಮುಗಿಸುವವರೆಗೂ ಟೀ ಇಲ್ಲ. ಎದುರಿನ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಬಂದ ಟೀ ಗ್ಲಾಸುಗಳಲ್ಲಿ ಮೇಜಿನ ಮೇಲೆ ಆರುತ್ತಿರುತ್ತಿತ್ತು, ಅವರೂ ಮುಟ್ಟುತ್ತಿರಲಿಲ್ಲ.

ಒಮ್ಮೆ ನಮ್ಮನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದರು. ಧ್ವಜ ಸತ್ಯಾಗ್ರಹದಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕದ ಎದುರಿಗೇ ನನ್ನನ್ನು ನಿಲ್ಲಿಸಿ, "ಗುಂಡು ಹಾರಿಸಿದ ಪೊಲೀಸನ ಪರ ಮಾತಾಡು" ಎಂದರು. ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನುವುದಕ್ಕೇ ನನಗೆ ಹೇಸಿಗೆಯಾಯಿತು. ಪಕ್ಕದ ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಎದ್ದು ಬಂದು, "ಏನಪ್ಪ ಮೇಷ್ಟ್ರೇ, ಮಕ್ಕಳಿಗೆ ಇದನ್ನಾ ಹೇಳಿಕೊಡೋದು?" ಎಂದು ಜಗಳಕ್ಕೆ ನಿಂತರು.

"ಇವಳು ಇನ್ನೂ ತಿರುಗಿಲ್ಲ ತಾತ. ಸ್ವಲ್ಪ ತಡೀರಿ" ಎಂದರು ಮೇಷ್ಟ್ರು.

ನಾನು ತಿರುಗಿದೆ. ಮುದುಕರು ಕೊನೆಯವರೆಗೂ ಕೇಳಿಸಿಕೊಂಡು, "ಹುಡುಗಿ ಪರ್ವಾಗಿಲ್ಲ. ನೀನೇ ಸರಿಯಿಲ್ಲ" ಎಂದು ಮೇಷ್ಟ್ರಿಗೆ ಹೇಳಿ ಹೋದರು. ಆ ಮಾತನ್ನು ಅವರು ಪ್ರಶಸ್ತಿಯ ಹಾಗೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಇನ್ನೊಂದು ಹಟ ಇತ್ತು ಅವರಿಗೆ. ಯಾರ ಮನೆಗೆ ಹೋದರೂ ಮುಂಬಾಗಿಲಲ್ಲೇ ನಿಂತು ಕರೆಯುತ್ತಿದ್ದರು. ಹಿತ್ತಲ ಕಡೆಯಿಂದ ಬನ್ನಿ ಎಂದರೆ ಅಲ್ಲಿಂದಲೇ ಹಿಂದಕ್ಕೆ. ಕಾರಣ ಯಾರೂ ಕೇಳುತ್ತಿರಲಿಲ್ಲ. ಅವರದು ಬುದ್ಧನ ಪಟ ಇಟ್ಟುಕೊಂಡ ಮನೆ, ಊರಿನ ಹಳೆಯ ಲೆಕ್ಕದಲ್ಲಿ ಅವರು ಎಲ್ಲಿಯವರು ಅನ್ನುವುದು ನಮ್ಮ ಕಡೆ ಕೇಳಿ ತಿಳಿಯಬೇಕಾದ ವಿಷಯವಲ್ಲ. ಮೇಲೂರಿನ ನಮ್ಮ ಮನೆಗೂ ಒಮ್ಮೆ ಬಂದಿದ್ದರು. ಅಪ್ಪ, "ಹಿಂದ್ಗಡೆ ಹುಣಸೆ ಮರದ ನೆರಳಿದೆ, ಅಲ್ಲೇ ಕೂತ್ಕೊಳಣ ಬನ್ನಿ ಮೇಷ್ಟ್ರೇ" ಎಂದರು. "ಬಿಸಿಲೇ ಇರಲಿ ಬಿಡಿ" ಎಂದು ಇವರು ಜಗಲಿಯ ಎದುರು ನಿಂತೇ ಮಾತಾಡಿ ಹೋದರು. ಅದು ನೆರಳಿನ ಮಾತು ಅಷ್ಟೇ ಎಂದು ಅಪ್ಪ ಇವತ್ತಿಗೂ ವಾದಿಸುತ್ತಾರೆ. ಎರಡೂ ಕಡೆ ನಾನು ವಾದಿಸಬಲ್ಲೆ. ನಂಬುವುದು ಒಂದೇ ಕಡೆಯನ್ನು.

ಈಗ ಕ್ಯಾಲೆಂಡರಿನ ವಿಷಯಕ್ಕೆ ಬರಬೇಕು. ಚಿಂತಾಮಣಿಯ ಯಾವುದೋ ಎಣ್ಣೆ ಅಂಗಡಿಯವರು ಹಂಚಿದ್ದ ಹಳೆಯ ಕ್ಯಾಲೆಂಡರ್ ಅದು. ತಾರೀಖಿನ ಹಾಳೆಗಳು ಎಂದೋ ಹೋಗಿ, ಮೇಲಿನ ಚಿತ್ರ ಮಾತ್ರ ಉಳಿದಿತ್ತು. ಕಿಟಕಿಯ ಪಕ್ಕ ಒಬ್ಬ ಹೆಂಗಸು ನಿಂತಿದ್ದಾಳೆ, ಬೆನ್ನು ನಮ್ಮ ಕಡೆ. ಕಿಟಕಿಯಾಚೆ ಸಮುದ್ರ. ಚಿತ್ರದ ಎಡಭಾಗದ ಮೇಲೆ ಅಂಗಡಿಯವನ ಎಣ್ಣೆ ಡಬ್ಬ, ದೊಡ್ಡದಾಗಿ, ಕಡಲೆಕಾಯಿಯ ಚಿತ್ರ ಸಮೇತ. ಪ್ರತಿ ವರ್ಷ ಚರ್ಚೆಗೆ ಸೇರಿದ ಹೊಸಬರ ಮುಂದೆ ಮೇಷ್ಟ್ರು ಮೊದಲು ಬಿಚ್ಚುತ್ತಿದ್ದದ್ದು ಇದನ್ನೇ. ವಿಷಯವೂ ಪ್ರತಿ ವರ್ಷ ಅದೇ: ಈ ಹೆಂಗಸು ಯಾರಿಗೋ ಕಾಯುತ್ತಿದ್ದಾಳೆ, ಹೌದೋ ಅಲ್ಲವೋ. ಷರತ್ತು ಒಂದೇ. "ಕಣ್ಣ ಮುಂದೆ ಇರೋದ್ರ ಮೇಲೆ ಮಾತಾಡ್ರಪ್ಪ. ಇಲ್ಲದ್ದನ್ನ ಎಳ್ಕೊಂಡು ಬರಬೇಡಿ."

ನಮ್ಮ ವರ್ಷ ಬೆಂಗಳೂರಿನ ದೊಡ್ಡ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನೇ ಕಳಿಸಬಹುದಿತ್ತು. ಕೊನೆಗೆ ಉಳಿದವರು ಇಬ್ಬರು, ನಾನು ಮತ್ತು ನಾಗವೇಣಿ. ಯಾರೆಂದು ತೀರ್ಮಾನಿಸಲು ಮೇಷ್ಟ್ರು ಮತ್ತೆ ಆ ಕ್ಯಾಲೆಂಡರನ್ನೇ ತೂಗುಹಾಕಿದರು, ಇಡೀ ತರಗತಿಯ ಎದುರು. ನಾನು ಕಾಯುತ್ತಿದ್ದಾಳೆ ಎಂದೆ: ಅವಳ ತಲೆ ಹೊರಗಿನ ಸಪ್ಪಳಕ್ಕೆ ಕಿವಿಗೊಟ್ಟ ಹಾಗೆ ಒಂದು ಬದಿಗೆ ವಾಲಿದೆ, ಹೆಜ್ಜೆ ಕಿಟಕಿಯ ಕಡೆಗಿದೆ, ಕೈ ಸರಳಿನ ಮೇಲಿದೆ. ಆಮೇಲೆ ತಿರುಗಿ, ಕಾಯುತ್ತಿಲ್ಲ ಎಂದೂ ಹೇಳಿದೆ. ನಾಗವೇಣಿ ಎದ್ದವಳು ಎರಡೂ ಬಿಟ್ಟಳು.

"ಸಾರ್, ಅವಳ ಸೆರಗು ನೋಡಿ. ಗಾಳಿಗೆ ಹಾರಿದ್ರೆ ಬಾಗ್ತಿತ್ತು. ಇದು ಬಿಗಿಯಾಗಿ ನೆಟ್ಟಗೆ ಹೋಗಿದೆ. ಆ ತುದೀಲಿ ಯಾರೋ ಹಿಡ್ಕೊಂಡಿದಾರೆ."

"ಯಾವ ತುದೀಲಮ್ಮ?"

"ಡಬ್ಬದ ಹಿಂದೆ ಸಾರ್."

ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ "ಡಬ್ಬದೊಳಗೇ ಇರ್ಬೋದು ನೋಡೇ" ಎಂದ. ಮೇಷ್ಟ್ರು ನಗಲಿಲ್ಲ, ಅವರು ತಿರುಗಾಡುತ್ತಿದ್ದರು. "ಡಬ್ಬದ ಹಿಂದೆ ಇರೋದು ಸಾಕ್ಷಿ ಆಗಲ್ಲ ಕಣಮ್ಮ. ಅದು ಊಹೆ" ಎಂದರು. ನಾಗವೇಣಿ ಬಿಡಲಿಲ್ಲ. "ಡಬ್ಬ ಆಮೇಲೆ ಅಂಟ್ಸಿದ್ದು ಸಾರ್. ಸೆರಗು ಮೊದಲೇ ಇತ್ತು." ತೀರ್ಪನ್ನು ಎಲ್ಲರ ಮುಂದೆ, ಕಾರಣ ಸಮೇತ, ಗಟ್ಟಿಯಾಗಿ ಹೇಳಬೇಕು ಅನ್ನುವುದೂ ಅವರ ಕಟ್ಟಳೆ. ಹೇಳಿದರು: ನಾಗವೇಣಿ ಕಂಡದ್ದನ್ನು ಬಿಟ್ಟು ಕಾಣದ್ದನ್ನು ವಾದಿಸಿದಳು, ಅದಕ್ಕೆ ಅಂಕವಿಲ್ಲ. ನಾನು ಬೆಂಗಳೂರಿಗೆ ಹೋದೆ.

ಈಗ ನಾನು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ನಾಗವೇಣಿ ಡಿಪ್ಲೊಮಾ ಮಾಡಿ ಗೌರಿಬಿದನೂರಿನ ಪಕ್ಕ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಮೇಷ್ಟ್ರು ನಿವೃತ್ತರಾಗಿ ಗೌರಿಬಿದನೂರಿನಲ್ಲೇ ಇದ್ದರು. ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಅದೇ ಕ್ಯಾಲೆಂಡರ್. ಹೋದ ವರ್ಷ ಒಂದು ಭಾನುವಾರ ಅವರನ್ನು ನೋಡಲು ಹೋದಾಗ, ಚಿತ್ರದ ಕೆಳಗಿನ ಇರುವೆಯಂಥ ಅಕ್ಷರಗಳನ್ನು ಮೊದಲ ಸಲ ಓದಿದೆ. ಚಿತ್ರಕಾರನ ಹೆಸರು, ಒಂದು ಬಂಗಲೆಯ ಹೆಸರು. ಫೋನಿನಲ್ಲಿ ಹುಡುಕಿದೆ. ಪುದುಚೇರಿಯಿಂದ ಸ್ವಲ್ಪ ಈಚೆ, ಕಡಲ ದಂಡೆಯಲ್ಲಿ ಒಬ್ಬ ವರ್ತಕ ಕಟ್ಟಿಸಿದ್ದ ಬಂಗಲೆ; ಈಗ ಅದು ಚಿತ್ರಗಳ ಮ್ಯೂಸಿಯಂ. ನಮ್ಮ ಚಿತ್ರ ಅಲ್ಲೇ ಇದೆ ಎಂದಿತ್ತು. ಒಳಗೆ ಫೋಟೊ ತೆಗೆಯುವಂತಿಲ್ಲವಾದ್ದರಿಂದ ಚಿತ್ರ ಮಾತ್ರ ಎಲ್ಲೂ ಸಿಗಲಿಲ್ಲ.

"ಹೋಗಣ" ಎಂದರು ಮೇಷ್ಟ್ರು. ಚಪ್ಪಲಿ ಆಗಲೇ ಮೆಟ್ಟಿದ್ದರು. ಮುಂದಿನ ಶನಿವಾರದವರೆಗೆ ತಡೆಯಿರಿ ಎಂದು ಒಪ್ಪಿಸಲು ನಾನು ಕೋರ್ಟಿನಲ್ಲಿ ಪಡುವುದಕ್ಕಿಂತ ಹೆಚ್ಚು ಕಷ್ಟಪಟ್ಟೆ.

ಬಸ್ಸಿನಲ್ಲಿ ಹೊಸೂರು ದಾಟುವವರೆಗೂ ಅವರು ನಿಂತೇ ಇದ್ದರು. ಕಂಡಕ್ಟರ್ ಬೈದ ಮೇಲೆ ನನ್ನ ಸೀಟಿನ ಹಿಡಿಗೆ ಒರಗಿಕೊಂಡರು. ದಾರಿಯುದ್ದಕ್ಕೂ ನನ್ನನ್ನು ಕೆದಕುತ್ತಾ ಬಂದರು. ಮ್ಯೂಸಿಯಂ ಯಾಕೆ ಬೇಕು, ಹೇಳು. ಸರಿ, ತಿರುಗು, ಯಾಕೆ ಬೇಡ. ಬೇಡ ಅನ್ನುವ ಕಡೆಗೆ ನನ್ನಲ್ಲಿ ಬೇಕಾದಷ್ಟು ಸರಕಿತ್ತು. ಹಡಗಿನ ವ್ಯಾಪಾರದಲ್ಲಿ ದುಡ್ಡು ಮಾಡಿದವನ ಮನೆ, ಅವನ ಗೋಡೆ, ಅವನು ಕೊಂಡ ಚಿತ್ರ. ನಾವು ಟಿಕೆಟ್ ಕೊಟ್ಟು ಅವನ ನಡುಮನೆ ನೋಡಿ ಬರುವುದನ್ನು ಸಂಸ್ಕೃತಿ ಅನ್ನಬೇಕು. ಮುಂದಿನ ಸೀಟಿನ ತಮಿಳು ಹೆಂಗಸು ಹಿಂದೆ ತಿರುಗಿ ನೋಡಿದರು. ತಂದೆ ಮಗಳ ಜಗಳ ಎಂದುಕೊಂಡಿರಬೇಕು.

ಬಂಗಲೆಗೆ ಮುಟ್ಟಿದಾಗ ಮೊದಲ ತೊಡಕು ಬಾಗಿಲಿನದು. ಸಮುದ್ರದ ಕಡೆಗೆ ಎತ್ತರದ ಮುಂಬಾಗಿಲು, ಮುಚ್ಚಿತ್ತು. ಟಿಕೆಟ್ ಕೊಡುತ್ತಿದ್ದದ್ದು ಪಕ್ಕದ ಸಣ್ಣ ಬಾಗಿಲಲ್ಲಿ, ಹಿಂದೆ ಅಡಿಗೆಮನೆ ಇದ್ದ ಕಡೆ. ಮೇಷ್ಟ್ರು ನಿಂತುಬಿಟ್ಟರು. ಇಷ್ಟು ದೂರ ಬಂದು ವಾಪಸ್ ಹೊರಡುತ್ತಾರೆ ಎಂದು ನನಗೆ ದಿಗಿಲಾಯಿತು. ಕಾವಲಿನವನಿಗೆ ತೆಲುಗು ಬರುತ್ತಿತ್ತು.

"ಮುಂದು ತಲುಪು ಎಂದುಕು ತೆರವರು?" ಮುಂಬಾಗಿಲು ಯಾಕೆ ತೆರೆಯುವುದಿಲ್ಲ ಎಂದು ಮೇಷ್ಟ್ರು ಕೇಳಿದರು.

"ಉಪ್ಪು ಗಾಲಿ ಸಾರ್" ಎಂದ ಅವನು. ಬಾಗಿಲು ತೆರೆದರೆ ಉಪ್ಪಿನ ಗಾಳಿ ನುಗ್ಗಿ ಚಿತ್ರಗಳನ್ನು ತಿನ್ನುತ್ತದೆ ಎಂದು ವಿವರಿಸಿದ.

ಮೇಷ್ಟ್ರು ಸುತ್ತುಹಾಕಿ ಮುಂಬಾಗಿಲ ಹತ್ತಿರ ಹೋದರು. ಮರದ ಮೇಲೆ ಬೆರಳು ಎಳೆದು ನಾಲಿಗೆಗೆ ಮುಟ್ಟಿಸಿಕೊಂಡರು. ವಾಪಸ್ ಬಂದು, "ಸಾಕ್ಷಿ ಸರಿಯಾಗಿದೆ. ಇಷ್ಟು ವರ್ಷಕ್ಕೆ ಒಬ್ಬ ಸರಿಯಾದ ಕಾರಣ ಕೊಟ್ಟ ನೋಡು" ಎಂದು ಪಕ್ಕದ ಬಾಗಿಲಿಂದಲೇ ಒಳಕ್ಕೆ ನಡೆದರು.

ಒಳಗೆ ಸಮುದ್ರದ ಸದ್ದು ಇತ್ತು, ಸಮುದ್ರ ಇರಲಿಲ್ಲ. ಎಲ್ಲ ಕಿಟಕಿಗೂ ದಪ್ಪ ಪರದೆ. ಗೋಡೆಯ ಮೇಲೆ ಮೀನುಗಾರರು, ದೋಣಿಗಳು, ಬುಟ್ಟಿ ಹೊತ್ತ ಹೆಂಗಸರು, ಎಲ್ಲರೂ ಮಹಡಿಯ ಮೇಲಿಂದ ಕಂಡ ಹಾಗೆ ಸಣ್ಣಗೆ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎರಡು ಕೋಣೆ ದಾಟಿ ಮೆಟ್ಟಿಲು ಹತ್ತುತ್ತಿದ್ದರು. ಯಾವುದರ ಮುಂದೆಯೂ ಅವರು ನಿಲ್ಲಲಿಲ್ಲ.

ನಮ್ಮ ಚಿತ್ರ ಮಹಡಿಯ ಮೂಲೆಯ ಕೋಣೆಯಲ್ಲಿತ್ತು. ಕ್ಯಾಲೆಂಡರಿನಲ್ಲಿದ್ದದ್ದಕ್ಕಿಂತ ಚಿಕ್ಕದು, ಅದೇ ಮೊದಲು ಮೋಸವೆನಿಸಿತು. ಅದೇ ಹೆಂಗಸು, ಅದೇ ಕಿಟಕಿ, ಅದೇ ನೀರು. ಎಡಗಡೆ, ಡಬ್ಬ ಇರಬೇಕಾದಲ್ಲಿ, ಒಂದು ತಗ್ಗಿನ ಮಂಚ. ಮಂಚದ ಮೇಲೆ ಮಗು ಮಲಗಿತ್ತು, ಬಾಯಿ ತೆರೆದುಕೊಂಡು. ಸೆರಗಿನ ತುದಿ ಅದರ ಮುಷ್ಟಿಯಲ್ಲಿತ್ತು.

ಅವಳು ಯಾರಿಗೂ ಕಾಯುತ್ತಿರಲಿಲ್ಲ. ಮಗು ಎದ್ದುಬಿಟ್ಟೀತು ಎಂದು, ಸೆರಗು ಎಷ್ಟು ದೂರ ಬಿಡುತ್ತದೋ ಅಷ್ಟು ದೂರ ಕಿಟಕಿಯ ಕಡೆ ಬಂದು ನಿಂತಿದ್ದಳು. ಇನ್ನೊಂದು ಹೆಜ್ಜೆ ಇಡುವಂತಿರಲಿಲ್ಲ. ವಾಲಿದ ತಲೆ ಕಿವಿಗೊಟ್ಟದ್ದು ಹೊರಗಿನ ಹೆಜ್ಜೆ ಸಪ್ಪಳಕ್ಕೆ ಎಂದು ವಾದಿಸಿ ನಾನು ಗೆದ್ದಿದ್ದೆ. ಅದು ಹಿಂದಿನ ಉಸಿರಿಗೆ ಕಿವಿಗೊಟ್ಟ ತಲೆ.

ಮೇಷ್ಟ್ರು ಕನ್ನಡಕ ತೆಗೆದರು, ಹಾಕಿಕೊಂಡರು. ಹೊರಗೆ ಹೋದರು. ಮೆಟ್ಟಿಲಿಳಿದ ಸದ್ದು ಕೇಳಿಸಿತು. ನಾನು ಪರದೆ ಒಂದಿಷ್ಟು ಸರಿಸಿ ನೋಡಿದರೆ ಕೆಳಗೆ ಮರಳಿನಲ್ಲಿ ದಾಪುಗಾಲು ಹಾಕುತ್ತಿದ್ದರು. ಚಿತ್ರದ ಕಿಟಕಿ ಅದೇ ಎಂದು ಆಗ ಗೊತ್ತಾಯಿತು. ಕಾವಲಿನವನು ಪರದೆ ಬಿಡಿ ಎಂದು ಗದರಿದ. ಅಷ್ಟರಲ್ಲಿ ಮೇಷ್ಟ್ರು ಮತ್ತೆ ಮೇಲೆ ಬಂದರು. ನೋಡಿದರು. ಮತ್ತೆ ಇಳಿದರು. ಮತ್ತೆ ಬಂದಾಗ ಬಾಗಿಲಲ್ಲಿ ಟಿಕೆಟ್ ಕೇಳಿದವನ ಹತ್ತಿರ ಏನೋ ಕೂಗಾಡುತ್ತಿದ್ದದ್ದು ಕೇಳಿಸಿತು. ಈ ಮನುಷ್ಯನ ಜೊತೆ ಇರುವುದು ಎಷ್ಟು ಆಯಾಸ ಎಂದು ಅವತ್ತು ನನಗೆ ಸಿಟ್ಟೂ ಬಂತು.

ಟೀ ಅಂಗಡಿ ದಂಡೆಯ ಮೇಲೇ ಇತ್ತು. ಎರಡು ಗ್ಲಾಸು ಬಂದವು. ಅವರು ಎರಡನ್ನೂ ಹಲಗೆಯ ಮೇಲೆ ತಮ್ಮ ಕಡೆಗೆ ಎಳೆದುಕೊಂಡರು.

"ನಾನು ತೀರ್ಪು ತಪ್ಪು ಕೊಟ್ಟೆ. ಮಾತಾಡು."

"ಇಲ್ಲ ಸಾರ್" ಎಂದೆ. "ಅವತ್ತು ನಿಮ್ಮ ಮುಂದೆ ಇದ್ದ ಸಾಕ್ಷಿಗೆ ಆ ತೀರ್ಪೇ ಸರಿ. ಅವಳದು ಊಹೆ. ಊಹೆ ನಿಜ ಆಗ್ಬಿಟ್ರೆ ವಾದ ಆಗ್ಬಿಡುತ್ತಾ? ಇವತ್ತು ಮಂಚದ ಮೇಲೆ ಬೆಕ್ಕಿದ್ದಿದ್ರೆ?"

"ಸೆರಗು ಬಿಗಿಯಾಗಿತ್ತು. ಅದು ಕಣ್ಣ ಮುಂದೇನೇ ಇತ್ತು. ನಾನು ನೋಡಲಿಲ್ಲ."

"ಆಯ್ತು. ಒಂದು ಚರ್ಚಾಸ್ಪರ್ಧೆಯಿಂದ ಯಾರ ಬದುಕೂ ತಿರುಗಿ ಹೋಗಲ್ಲ ಸಾರ್. ಅವಳು ಚೆನ್ನಾಗೇ ಇದಾಳೆ."

"ನಿನ್ನದು ತಿರುಗಿತಲ್ಲಮ್ಮ."

ಅವರು ಅಲ್ಲೇ ಸುತ್ತುತ್ತಿದ್ದರು, ಟೀ ಅಂಗಡಿಯವನು ಅವರನ್ನೇ ನೋಡುತ್ತಿದ್ದ.

"ಸರಿ. ತಿರುಗು" ಎಂದರು.

"ಇದ್ರಲ್ಲಿ ತಿರುಗಲ್ಲ ಸಾರ್. ನಂಗೆ ಇದೇ ನಿಜ ಅನ್ಸುತ್ತೆ."

ಟೀಯ ಮೇಲೆ ಕೆನೆ ಕಟ್ಟಿತ್ತು. ಎರಡೂ ಗ್ಲಾಸನ್ನು ಅವರು ಹಾಗೇ ಅಂಗಡಿಯವನಿಗೆ ವಾಪಸ್ ಕೊಟ್ಟರು. ಚೆನ್ನಾಗಿಲ್ಲವಾ ಎಂದು ಅವನು ತಮಿಳಿನಲ್ಲಿ ಕೇಳಿದ. "ಚೆನ್ನಾಗೇ ಇದೆ ಕಣಪ್ಪ, ನಮಗೆ ಕುಡಿಯೋ ಯೋಗ್ಯತೆ ಬಂದಿಲ್ಲ" ಎಂದು ಕನ್ನಡದಲ್ಲೇ ಹೇಳಿದರು.

ಸೋಮವಾರ ನನಗೆ ಕೇಸಿತ್ತು. ಆದರೂ ಎಳೆದುಕೊಂಡು ಹೋದರು, ಕುಡುಮಲಕುಂಟೆಗೆ, ಕಾರ್ಖಾನೆಯ ಗೇಟಿನ ಎದುರು, ಶಿಫ್ಟ್ ಬಿಡುವ ಹೊತ್ತಿಗೆ. ನಾಗವೇಣಿ ಗುಂಪಿನ ನಡುವೆ ಬರುತ್ತಿದ್ದಳು, ಕೊರಳಲ್ಲಿ ಗುರುತಿನ ಚೀಟಿ. ನಮ್ಮನ್ನು ನೋಡಿ ಯಾರಿಗೋ ಏನೋ ಆಗಿದೆ ಎಂದುಕೊಂಡು ಓಡಿ ಬಂದಳು. ಮೇಷ್ಟ್ರು ಕುಶಲ ಕೇಳದೆ ಎಲ್ಲ ಹೇಳಿದರು: ಬಂಗಲೆ, ಮಂಚ, ಮಗು, ಮುಷ್ಟಿ.

ಅವಳು ಪೂರಾ ಕೇಳಿಸಿಕೊಂಡಳು. "ಅದನ್ನ ನೋಡೋಕೆ ಪಾಂಡಿಚೇರಿವರೆಗೂ ಹೋಗಿದ್ರಾ ಸಾರ್? ನಾನ್ ಅವತ್ತೇ ಹೇಳಿದ್ನಲ್ಲ."

"ಹೇಳಿದ್ದೆ ಕಣಮ್ಮ."

"ನಮ್ಮ ತಮ್ಮ ಅಮ್ಮನ ಸೆರಗು ಹಂಗೇ ಹಿಡ್ಕೊಂಡು ಮಲಗ್ತಿದ್ದ. ಹಿಡಿ ಬಿಡಿಸಿದ್ರೆ ಊರೆಲ್ಲ ಕೇಳೋ ಹಂಗೆ ಅಳೋನು." ನಗುತ್ತಲೇ ಹೇಳುತ್ತಿದ್ದಳು. ಆಮೇಲೆ ನಗು ನಿಲ್ಲಿಸಿದಳು. "ಸಾರ್, ನೀವು ಅದನ್ನ ಎಲ್ಲರ ಮುಂದೆ ಹೇಳಿದ್ರಿ. ಶಾಲೆ ಬಿಡೋವರೆಗೂ ನನ್ನ ಡಬ್ಬ ಅಂತಾನೇ ಕರೆದ್ರು. ಈಗ ಗೇಟ್ ಹತ್ರ ಬಂದು ಕಿವೀಲಿ ಹೇಳಿದ್ರೆ ಅದು ಹೆಂಗೆ ಸರಿಹೋಗುತ್ತೆ?"

ಇದು ನನಗೆ ಹೊಳೆದಿರಲಿಲ್ಲ. ಅವರಿಗೂ ಹೊಳೆದಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಸರಿಹೋಗಲ್ಲ" ಎಂದರು. "ಎಲ್ಲರ ಮುಂದೇನೇ ಹೇಳ್ತೀನಿ. ಅದೇ ಕೋಣೇಲಿ."

ಆಮೇಲಿನ ತಿಂಗಳುಗಳಲ್ಲಿ ಅವರು ಮನೆಯಲ್ಲಿ ನಿಂತದ್ದೇ ಇಲ್ಲ. ನಮ್ಮ ತರಗತಿಯವರನ್ನು ಹುಡುಕಿಕೊಂಡು ಬಸ್ಸು ಹತ್ತಿದರು. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿ ಇಟ್ಟವನು, ಮೇಲೂರಿನಲ್ಲಿ ರೇಷ್ಮೆ ನೂಲು ತೆಗೆಯುವವನು, ಬಾಗೇಪಲ್ಲಿಯಲ್ಲಿ ನರ್ಸಾಗಿದ್ದವಳು. ಫೋನ್ ಮಾಡಿದರೆ ಸಾಲದಾ ಸಾರ್ ಎಂದರೆ, ಫೋನಿನಲ್ಲಿ ಎಲ್ಲರೂ ಬರ್ತೀನಿ ಅಂತಾರೆ ಎನ್ನುತ್ತಿದ್ದರು. ಎಂಥ ಸಭೆ ಎಂದು ಯಾರಿಗೂ ಹೇಳಲಿಲ್ಲ. ಒಂದು ಭಾನುವಾರ ನಿಗದಿಯಾಯಿತು, ಹೆಡ್‌ಮಾಸ್ಟರು ಕೋಣೆಯ ಬೀಗದ ಕೈ ಕೊಡಲು ಒಪ್ಪಿದರು. ಆ ಭಾನುವಾರಕ್ಕೆ ಸ್ವಲ್ಪ ಮೊದಲು, ಇನ್ನೊಬ್ಬನನ್ನು ಹುಡುಕಲು ಹೊರಟವರು, ಬಸ್ ಸ್ಟ್ಯಾಂಡಿನಲ್ಲಿ ಕೂತರು.

ಹಾಗಾಗಿ ಅವರೇ ಕರೆದ ಸಭೆಗೆ ಅವರು ಹಾರ ಹಾಕಿದ ಫೋಟೊ ಆಗಿ ಬಂದರು. ಕೋಣೆ ತುಂಬಿತ್ತು. ಒಬ್ಬೊಬ್ಬರೂ ಎದ್ದು ಮಾತಾಡಿದರು. ದೇವರಂಥ ಮನುಷ್ಯ. ಕೊನೆಗಾಲದಲ್ಲಿ ನಮ್ಮನ್ನೆಲ್ಲ ನೋಡಬೇಕೆಂದು ಅವರಿಗೆ ಒಳಗೇ ಅನ್ನಿಸಿತ್ತು, ಅದಕ್ಕೇ ಕರೆದರು. ಇದನ್ನು ಮೂರು ನಾಲ್ಕು ಜನ ಹೇಳಿದರು, ಕಣ್ಣು ಒರೆಸಿಕೊಂಡರು. ನಾಗವೇಣಿ ಗೋಡೆಗೆ ಒರಗಿ ನಿಂತಿದ್ದಳು. ಯಾಕೆ ಕರೆದರು ಅನ್ನುವುದು ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಅವಳಾಗಿ ಹೇಳುವಂತಿರಲಿಲ್ಲ; ತನ್ನ ಪರವಾದ ತೀರ್ಪನ್ನು ತಾನೇ ಓದಿಕೊಳ್ಳಲು ಯಾರಿಗೂ ಆಗುವುದಿಲ್ಲ. ನಾನು ಸುಮ್ಮನಿದ್ದರೆ ಅದು ಅವರ ಜೊತೆಗೇ ಹೋಗುತ್ತಿತ್ತು. ಮೇಜಿನ ಮೇಲೆ ಟೀ ಇಟ್ಟಿದ್ದರು. ಎಲ್ಲರೂ ತೆಗೆದುಕೊಂಡರು. ನಾನು ತೆಗೆದುಕೊಳ್ಳಲಿಲ್ಲ.

ನನ್ನ ಸರದಿ ಬಂತು. ಅವರ ಮನೆಯಿಂದ ತಂದಿದ್ದ ಕ್ಯಾಲೆಂಡರನ್ನು ಬೋರ್ಡಿನ ಮೊಳೆಗೆ ಸಿಕ್ಕಿಸಿದೆ. ಗುರುತು ಹಿಡಿದು ಕೆಲವರು ನಕ್ಕರು. "ಲೇ, ಡಬ್ಬ ಕಣೋ" ಎಂದ ಟೊಮೆಟೊ ಮಂಡಿಯವನು.

"ಮೇಷ್ಟ್ರಿಗೆ ಒಳಗೇನೂ ಅನ್ನಿಸಿರಲಿಲ್ಲ" ಎಂದೆ. "ಒಂದು ತೀರ್ಪು ತಿದ್ದೋಕೆ ನಿಮ್ಮನ್ನ ಕರೆದ್ರು." ಹೇಳಿದೆ. ಬಂಗಲೆಯ ಚಿತ್ರದಲ್ಲಿದ್ದ ಮಂಚವನ್ನು ಹೇಳಿದೆ, ಮುಷ್ಟಿಯನ್ನು ಹೇಳಿದೆ. ಆಮೇಲೆ ಕಡಲ ದಂಡೆಯಲ್ಲಿ ನಾನು ಮಾಡದೆ ಉಳಿಸಿದ್ದ ವಾದಕ್ಕೆ ಬಂದೆ. ಬಿಗಿಯಾದ ಸೆರಗು ಸಾಕ್ಷಿ, ಊಹೆಯಲ್ಲ. ಕಣ್ಣ ಮುಂದೆ ಇರೋದು ಅಂದರೆ ನಮ್ಮ ಕಣ್ಣಿಗೆ ಬಿದ್ದದ್ದು ಎಂದು ನಾವು ಅರ್ಥ ಮಾಡಿಕೊಂಡೆವು. ಡಬ್ಬವನ್ನು ಚಿತ್ರದ ಭಾಗ ಎಂದು ಒಪ್ಪಿಕೊಂಡವರು ನಾವು, ಒಪ್ಪದೆ ಇದ್ದವಳು ಒಬ್ಬಳೇ. ಬೆಂಗಳೂರಿಗೆ ಹೋಗಬೇಕಾಗಿದ್ದವಳು ನಾಗವೇಣಿ. ಕೊನೆಯದು ಮುಂದಿನ ಬೆಂಚಿಗಷ್ಟೇ ಕೇಳಿಸಿತು. ಗಟ್ಟಿಯಾಗಿ ಹೇಳಬೇಕು ಅನ್ನುವುದು ಕಟ್ಟಳೆ, ಅದಕ್ಕೆ ಇನ್ನೊಂದು ಸಲ ಹೇಳಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಇದೇನು ಎಂದು ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಟೊಮೆಟೊ ಮಂಡಿಯವನು ಬೋರ್ಡಿನ ಹತ್ತಿರ ಹೋಗಿ, ಸೆರಗಿನ ಗೆರೆಯ ಮೇಲೆ ಬೆರಳಿಟ್ಟು ಡಬ್ಬದವರೆಗೂ ಎಳೆದು ನೋಡಿದ. "ಹೌದಲ್ಲೇ ನಾಗಿ" ಎಂದ ತಗ್ಗಿದ ದನಿಯಲ್ಲಿ.

ನಾನು ಬಂದು ಗೋಡೆಯ ಹತ್ತಿರ ನಿಂತೆ. ನಾಗವೇಣಿ ಟೀ ತಂದು ನನ್ನ ಕೈಗೆ ಕೊಟ್ಟಳು.

"ತಗೋ. ಕುಡಿ. ಆದ್ರೆ ನಿನ್ನ ಮೂರನೇ ಪಾಯಿಂಟ್ ವೀಕು ಕಣೇ."

"ಯಾವ್ದು ವೀಕು?"

"ಮೇಷ್ಟ್ರು ಡಬ್ಬಾನ ಒಪ್ಕೊಂಡಿರಲಿಲ್ಲ. ತೀರ್ಪು ಹೇಳಿದ ಮೇಲೆ ಆ ಡಬ್ಬದ ಅಂಚನ್ನ ಉಗುರಲ್ಲಿ ಕೆರೆದು ನೋಡಿದ್ರು. ನೀನು ಆಗ್ಲೇ ಬ್ಯಾಗ್ ತಗೊಂಡು ಹೋಗಿದ್ದೆ."

ನಾನು ಟೀ ಕೆಳಗಿಟ್ಟು ಕ್ಯಾಲೆಂಡರಿನ ಹತ್ತಿರ ಹೋದೆ. ಡಬ್ಬದ ಅಂಚಿನಲ್ಲಿ, ಸೆರಗು ಮುಟ್ಟುವ ಜಾಗದಲ್ಲಿ, ಕಾಗದ ಉಗುರಿನಷ್ಟು ಅಗಲ ಸವೆದು ಬೆಳ್ಳಗಾಗಿತ್ತು.